ಹೊದ್ದವನು ಯಾರು

ಹುಣಸೆ ಬೀಜದ ಗಂಜಿಯ ವಾಸನೆ, ಅಪ್ಪನ ಮಗ್ಗದ ಪಕ್ಕ ಹಂಡೆಯಲ್ಲಿ ಕುದಿಯುತ್ತಿದ್ದದ್ದು, ಉಣ್ಣೆಯ ನೂಲಿಗೆ ಬಳಿದು ಬಿಸಿಲಿಗೆ ಹಿಡಿದರೆ ಇಡೀ ಹಟ್ಟಿ ಅದನ್ನೇ ಉಸಿರಾಡುತ್ತಿತ್ತು, ಬೆಂಚಿನ ಮೇಲೆ ಕೂತಿದ್ದ ತಿಪ್ಪಮ್ಮ ಕಣ್ಣು ಬಿಟ್ಟು ನೋಡಿದರೆ ಅದಲ್ಲ, ಹಿರಿಯೂರಿನ ಪೊಲೀಸ್ ಠಾಣೆಯ ಬೋರ್ಡಿಗೆ ಒಬ್ಬ ಪೇದೆ ಮೈದಾ ಅಂಟು ಬಳಿದು ಯಾವುದೋ ಹುಡುಗಿಯ ಫೋಟೋ ಅಂಟಿಸುತ್ತಿದ್ದಾನೆ, ಕಾಣೆಯಾಗಿದ್ದಾಳೆ — ಅದರ ಪಕ್ಕದಲ್ಲಿ ದುರುಗೇಶ, ಅವಳ ಮಗ, ಬಿಸಿಲಿಗೆ ಬಣ್ಣ ಬಿಟ್ಟುಕೊಂಡು ನಿಂತಿದ್ದಾನೆ, ಯಾರದೋ ಮದುವೆಯಲ್ಲಿ ತೆಗೆದ ಫೋಟೋ, ಅಕ್ಕಪಕ್ಕದವರನ್ನು ಕತ್ತರಿಸಿದರೂ ಹೆಗಲ ಮೇಲೆ ಯಾರದೋ ಕೈ ಉಳಿದುಬಿಟ್ಟಿದೆ, ಪೇದೆ ಹೊಸ ಹುಡುಗಿಗೆ ಜಾಗ ಮಾಡುವಾಗ ಅವನನ್ನು ಕಿತ್ತು ಹಾಕಲಿಲ್ಲ, ಮೂಲೆ ಎದ್ದಿದ್ದನ್ನು ಬೆರಳಲ್ಲಿ ಒತ್ತಿ ಕೂರಿಸಿದ, ಆ ಪುಣ್ಯಾತ್ಮನಿಗೆ ಅಷ್ಟಾದರೂ ತೋಚಿತಲ್ಲ. ಎಂದಿನಿಂದ ಕಾಣೆ ಎಂದು ಮೊದಲ ದಿನ ಇಲ್ಲಿಯೇ ಕೇಳಿದ್ದರು, ಏನು ಹೇಳುವುದು, ಕುರಿ ಹಿಂದೆ ಹೋದವನನ್ನು ಕಾಣೆಯಾದ ಎಂದು ಯಾರಾದರೂ ಹೇಳುತ್ತಾರೆಯೇ, ಅವಳ ಗಂಡ ಹೋಗುತ್ತಿದ್ದ, ಮಾವ ಹೋಗುತ್ತಿದ್ದ, ದೀಪಾವಳಿ ಮುಗಿಸಿ ಮಂದೆ ಹೊರಟರೆ ಆಂಧ್ರದ ಗಡಿ ದಾಟಿ ಯಾರ್‍ಯಾರದೋ ಹೊಲದಲ್ಲಿ ತಂಗಿ ಯುಗಾದಿಯ ಹೊತ್ತಿಗೆ ತಮ್ಮೂರು ಹರಿಯಬ್ಬೆಗೆ ತಿರುಗುತ್ತದೆ, ಅಲ್ಲಿಯವರೆಗೆ ಹೆಂಗಸರು ದಾರಿ ಕಾಯುವುದಿಲ್ಲ, ಕಾಯುವುದು ಅಪಶಕುನವೆಂದು ಅತ್ತೆ ಬೈಯುತ್ತಿದ್ದಳು. ಅವನ ಫೋನು ಸತ್ತಿತ್ತು, ಬಯಲಲ್ಲಿ ಚಾರ್ಜು ಎಲ್ಲಿ ಸಿಗಬೇಕು ಎಂದುಕೊಂಡು ಇವರು ಸುಮ್ಮನಿದ್ದರು. ಮಂದೆ ಬಂತು, ಸೊಸೆ ಯಶೋದಾ ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಮಂದೆಯ ಹಿರಿಯ ಮಾರಣ್ಣ ಬಂದವನೇ ಅವಳ ಹೆಗಲ ಮೇಲಿಂದ ಮನೆಯೊಳಗೆ ಇಣುಕಿ ಕೇಳಿದ, ಎಲ್ಲವ್ವ ದುರುಗೇಶ, ಜ್ವರ ಬಿಡ್ತಾ? — ಚಳಿಗಾಲದಲ್ಲೇ ಜ್ವರವೆಂದು ಮಂದೆ ಬಿಟ್ಟು ಬಸ್ಸಿಗೆ ಹೋದನಂತೆ, ಅವರು ಮನೆಯಲ್ಲಿದ್ದಾನೆ ಎಂದುಕೊಂಡರು, ಮನೆಯವರು ಮಂದೆಯಲ್ಲಿದ್ದಾನೆ ಎಂದುಕೊಂಡರು, ನಡುವಿನ ಅಷ್ಟೂ ದಿನ ಈ ಭೂಮಿಯ ಮೇಲೆ ಅವನನ್ನು ಹುಡುಕುವವರು ಒಬ್ಬರೂ ಇರಲಿಲ್ಲ, ಯಶೋದಾಳ ಕೈಯ ಚೊಂಬಿನಿಂದ ನೀರು ಹೊಸ್ತಿಲ ಮೇಲೆ ಸುರಿಯುತ್ತಲೇ ಇತ್ತು.

ಗಡಿಯಾಚೆ ಆದದ್ದು, ದೂರು ಅಲ್ಲಿಗೇ ಹೋಗಿ ಬರೆಸಿ ಎಂದು ಆ ಮೊದಲ ದಿನ ಠಾಣೆಯಲ್ಲಿ ಯಾರೋ ಅಂದಿದ್ದರು, ಈ ಉಷಾರಾಣಿ, ಕಂಪ್ಯೂಟರಿನ ಮುಂದೆ ಕೂರುವ ಪೇದೆ ಹುಡುಗಿ, ಎಲ್ಲಿ ಆಗಿದ್ರೂ ಇಲ್ಲಿ ಬರ್ಕಬೋದು, ಕುಂತ್ಕಳ್ರಿ ಅಜ್ಜಿ ಎಂದು ಕುರ್ಚಿ ಎಳೆದಿದ್ದಳು. ಎತ್ತರ ಎಷ್ಟು ಎಂದಳು, ತಿಪ್ಪಮ್ಮ ಎದ್ದು ಠಾಣೆಯ ಬಾಗಿಲ ಚೌಕಟ್ಟಿನ ಮೇಲೆ ಕೈ ಇಟ್ಟು ತೋರಿಸಿದಳು, ಉಷಾರಾಣಿ ನಗಲಿಲ್ಲ, ಟೇಪು ತಂದು ಅಳೆದಳು. ಮುಖ ಕೋಲು, ಬಣ್ಣ ಎಣ್ಣೆಗೆಂಪು, ಬರುವ ಭಾಷೆ ಕನ್ನಡ, ಅಷ್ಟಿಷ್ಟು ತೆಲುಗು, ಹೋಗುವಾಗ ತೊಟ್ಟಿದ್ದ ಬಟ್ಟೆ — ಕರಿ ಕಂಬಳಿ, ನಾನೇ ನೂತದ್ದು, ಮೂಲೆಗೆ ಕೆಂಪು ದಾರದ ಹೊಲಿಗೆ ಹಾಕಿದೀನಿ. ಇದನ್ನು ಕಳಿಸಿದರೆ ದೇಶದ ಎಲ್ಲ ಠಾಣೆಗೂ ಕಾಣುತ್ತದಂತೆ, ಗುರುತು ಸಿಗದ ಹೆಣಗಳನ್ನೂ ಅದರಲ್ಲೇ ಹಾಕುತ್ತಾರಂತೆ, ಎರಡನ್ನೂ ತಾಳೆ ನೋಡುತ್ತಾರಂತೆ, ಅಂದರೆ ಬದುಕಿದವರಿಗೂ ಸತ್ತವರಿಗೂ ಒಂದೇ ಪೆಟ್ಟಿಗೆ, ಅಂದು ಹಾಗೆ ಅನ್ನಿಸಿತ್ತು. ಇವತ್ತು ಅದರೊಳಗಿಂದ ಒಂದು ಹೆಣ ಬಂದಿದೆ, ಆಂಧ್ರದ ಕಡೆಯ ಕಾಲುವೆ ದಂಡೆಯದು, ಹೂತು ತಿಂಗಳುಗಳಾಗಿವೆ, ಉಷಾರಾಣಿ ಪರದೆಯ ಮೇಲ್ಭಾಗಕ್ಕೆ ಒಂದು ಹಾಳೆ ಅಡ್ಡ ಹಿಡಿದು ಅಲ್ಲಿ ನೋಡಂಗಿಲ್ಲ ಅಜ್ಜಿ, ಕೆಳಗೆ ಮಾತ್ರ ನೋಡ್ರಿ ಎಂದಳು, ಕೆಳಗೆ ಕೆಸರು ಮೆತ್ತಿದ ಕಂಬಳಿ, ಅದರ ಮೂಲೆ, ಕೆಂಪು ದಾರ.

ಸಬ್ ಇನ್ಸ್‌ಪೆಕ್ಟರ್ ಶಿವಕುಮಾರಪ್ಪ ನಿಧಾನವಾಗಿಯೇ ಹೇಳಿದರು, ತಾಳೆ ಆಗ್ತೈತಲ್ಲಮ್ಮ, ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಇಲ್ಲಿಗೆ ಮುಗಿಸುತ್ತೇವೆ, ಎಷ್ಟು ದಿನ ಅಲೆಯುತ್ತೀರಿ. ಒತ್ತಿದರೆ ಅವನ ಹೆಸರು ಎಲ್ಲ ಊರಿನ ಎಲ್ಲ ಕಂಪ್ಯೂಟರಿನಿಂದಲೂ ಹೋಗುತ್ತದೆ, ಆಮೇಲೆ ಅವನು ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ ಜ್ವರ ತಲೆಗೇರಿ ಹೆಸರು ಮರೆತು ಕೂತಿದ್ದರೂ ಯಾರೂ ಇವನೇ ಎನ್ನುವುದಿಲ್ಲ, ಕಂಬಳಿಯೊಂದು ಸಾಕ್ಷಿಯೇ, ರಾತ್ರಿ ಬೇಲಿ ಹತ್ತಿರ ಕುರಿ ಕಾಯುವ ಸರದಿಯವನು ಕೈಗೆ ಸಿಕ್ಕ ಕಂಬಳಿ ಎಳೆದುಕೊಂಡು ಹೋಗುತ್ತಾನೆ, ನಡುಗುವ ಭಿಕ್ಷುಕ ಕಂಡರೆ ದುರುಗೇಶ ಹೊದ್ದದ್ದನ್ನೇ ಕೊಟ್ಟು ಬರುವವನು, ಒಂದು ಸಲ ಹೊಸದನ್ನೇ ಕೊಟ್ಟು ಬಂದು ಬೈಸಿಕೊಂಡಿದ್ದ — ಹಾಗಾದರೆ ಮಣ್ಣಲ್ಲಿರುವವನು ಇನ್ನೊಬ್ಬಳ ಮಗ, ಅವಳೂ ಎಲ್ಲೋ ಇಂಥದೇ ಬೆಂಚಿನ ಮೇಲೆ — ಹಾಗಲ್ಲದಿದ್ದರೆ, ಜ್ವರದಲ್ಲಿ ನೀರಿಗೆಂದು ಕಾಲುವೆಗೆ ಇಳಿದು — ತಿಪ್ಪಮ್ಮ ಎದ್ದು ನಿಂತು ಹೇಳಿದಳು, ಕಂಬ್ಳಿ ನಂದೇ ಸಾಮಿ, ಹೊದ್ದೋನು ನನ್ನ ಮಗನೇ ಅಂತ ಹೆಂಗೆ ಹೇಳ್ಲಿ? ಅವರು ಸಿಟ್ಟಾಗಲಿಲ್ಲ, ಹಣೆ ಉಜ್ಜಿಕೊಂಡರು, ಅಲ್ಲಿ ಮೂಳೆ ತೆಗೆದಿಟ್ಟಿದ್ದಾರೆ, ನಿಮ್ಮ ರಕ್ತ ಕಳಿಸಿ ತಾಳೆ ನೋಡಬೇಕು, ತಿಂಗಳುಗಟ್ಟಲೆ ಆಗಬಹುದು, ಮಧ್ಯಾಹ್ನ ಜೀಪಿನಲ್ಲಿ ಆಸ್ಪತ್ರೆಗೆ ಹೋಗಾಣ ಎಂದರು.

ಅಲ್ಲಿಯವರೆಗೆ ಏನು ಮಾಡುವುದು, ಮನೆಗೆ ಹೋಗಿ ಯಶೋದಾಳಿಗೆ ಏನು ಹೇಳುವುದು, ಒಲೆ ಹಚ್ಚು ಎನ್ನುವುದೋ ಬೇಡ ಎನ್ನುವುದೋ, ಸಾವಿನ ಸುದ್ದಿ ಕೇಳಿದವರು ತಲೆಗೆ ನೀರು ಹಾಕಿಕೊಳ್ಳದೆ ತುತ್ತು ಎತ್ತುವಂತಿಲ್ಲ, ಇದು ಸುದ್ದಿಯೋ ಅಲ್ಲವೋ, ಉಂಡರೆ ಸತ್ತ ಮಗನಿಗೆ ಮಾಡಿದ ದ್ರೋಹ, ಉಪವಾಸ ಕೂತರೆ ಬದುಕಿದವನನ್ನು ಕೂತಲ್ಲೇ ಸಾಯಿಸಿದ ಹಾಗೆ, ಬಳೆ ಇರಲೋ ಬೇಡವೋ ಎಂದು ಆ ಹುಡುಗಿ ಕೇಳಿದರೆ, ಕೇಳುವುದಿಲ್ಲ, ಸುಮ್ಮನೆ ಕೈ ನೋಡಿಕೊಳ್ಳುತ್ತಾಳೆ, ತಿಂಗಳುಗಟ್ಟಲೆ ನೋಡಿಕೊಳ್ಳುತ್ತಾಳೆ, ಕೆಸರು, ಮೂಲೆ, ಕೆಂಪು ದಾರ, ಕಣ್ಣ ಮುಂದೆ ಬೇರೇನೂ ಬರಲೊಲ್ಲದು, ಕೆಂಪು ದಾರ — ಉಷಾರಾಣಿ ಬಂದು ಪಕ್ಕದಲ್ಲಿ ಕೂತಳು, ತನ್ನ ಊಟದ ಡಬ್ಬಿ ಬಿಚ್ಚಿದಳು, ಒಂದು ಮುದ್ದೆ, ಸೊಪ್ಪಿನ ಸಾರು, ಅರ್ಧವನ್ನು ಮುಚ್ಚಳಕ್ಕೆ ಹಾಕಿ ತಿಪ್ಪಮ್ಮನ ಮಡಿಲಿಗೆ ಇಟ್ಟಳು.