ಕಿಸೆಯಲ್ಲಿ ಬಚ್ಚಿಟ್ಟ ಚಾಳೀಸು

ನಾನು ಒಂದು ಚಾಳೀಸಿನ ಕನ್ನಡಕ. ದೂರದ್ದನ್ನು ತೋರಿಸುವ ಕನ್ನಡಕಗಳ ಗತ್ತು ನನಗಿಲ್ಲ. ಕೈಯಳತೆಯಲ್ಲಿರುವ ಅಕ್ಷರ, ಅಂಕಿ, ಅಕ್ಕಿಯೊಳಗಿನ ಕಲ್ಲು, ಇಷ್ಟೇ ನನ್ನ ಪ್ರಪಂಚ. ಹುಬ್ಬಳ್ಳಿಯ ಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ ಗಾಜು ಉಜ್ಜಿ, ಅಂಚು ಸವರಿ, ಕಂದು ಫ್ರೇಮಿಗೆ ಕೂಡಿಸಿ ನನಗೆ ಜನ್ಮ ಕೊಟ್ಟರು. ಹುಟ್ಟಿದ ದಿನವೇ ಒಬ್ಬರ ಮೂಗನ್ನೇರಿ ಕೂತೆ.

ಆ ಮೂಗು ಚನ್ನವೀರಪ್ಪ ಹುಲಕೋಟಿಯವರದು. ಪೈಪು, ನಲ್ಲಿ ಮಾರುವ ಏಜೆನ್ಸಿಯೊಂದರಲ್ಲಿ ಅವರು ಅಕೌಂಟೆಂಟ್. "ಚಾಳೀಸು ಬಂದೈತ್ರಿ. ನಲವತ್ತು ದಾಟಿದ ಮ್ಯಾಲೆ ಎಲ್ಲಾರಿಗೂ ಬರ್ತೈತಿ" ಎಂದು ಅಂಗಡಿಯವನು ಸಮಾಧಾನ ಹೇಳಿದರೂ ಅವರ ಮುಖ ಹುಳ್ಳಗಾಯಿತು. ಆದರೆ ಮಾರನೆಯ ದಿನ ಕಂಪ್ಯೂಟರಿನ ಅಂಕಿಗಳು ಕಣ್ಣಿಗೆ ಕಟ್ಟಿದಂತೆ ಕಂಡಾಗ ಮುನಿಸು ಇಳಿಯಿತು. ಆಮೇಲೆ ನಾನಿಲ್ಲದೆ ಅವರಿಗೆ ಬೆಳಗಾಗುತ್ತಲೇ ಇರಲಿಲ್ಲ. ಹೊಸ ತೆರಿಗೆ ಬಂತು, ಹೊಸ ಸಾಫ್ಟ್‌ವೇರ್ ಬಂತು, ಅವರು ಎಲ್ಲವನ್ನೂ ಕಲಿತರು. ನನ್ನ ಮೂಲಕವೇ ಕಲಿತರು ಎಂದು ನಾನು ಸ್ವಲ್ಪ ಜಂಬವನ್ನೂ ಪಟ್ಟೆ.

ಅವರಿಗೆ ಐವತ್ತೊಂದಾದಾಗ ಏಜೆನ್ಸಿ ಮುಚ್ಚಿತು. ಮಾಲೀಕರಿಗೆ ಸಾಕಾಗಿತ್ತು, ಜಾಗ ಮಾರಿ ಕೈತೊಳೆದುಕೊಂಡರು. ಚನ್ನವೀರಪ್ಪನವರ ಮಗಳ ನರ್ಸಿಂಗ್ ಓದು ಇನ್ನೂ ಒಂದು ವರ್ಷ ಬಾಕಿ ಇತ್ತು. ಅಪ್ಪನಿಗೆ ಬೇಗ ಕೆಲಸ ಸಿಗದಿದ್ದರೆ ಅದು ಅರ್ಧಕ್ಕೇ ನಿಲ್ಲುತ್ತಿತ್ತು.

ಕೆಲಸ ಎಲ್ಲಿದೆ? "ಅನುಭವಿ ಅಕೌಂಟೆಂಟ್ ಬೇಕು" ಎಂದು ಜಾಹೀರಾತು ಕೊಟ್ಟವರೇ, ಅನುಭವ ಎದುರಿಗೆ ಬಂದು ಕೂತರೆ, "ನಿಮಗ ವಯಸ್ಸಾಗೈತಲ್ರಿ" ಎಂದು ರಾಗ ಎಳೆಯುತ್ತಿದ್ದರು. ವಯಸ್ಸಾಗದೆ ಅನುಭವ ಹೇಗೆ ಬರುತ್ತದೋ, ಆ ಪುಣ್ಯಾತ್ಮರಿಗೇ ಗೊತ್ತು.

ಕೊನೆಗೆ ಹೆಂಡತಿಯ ತಮ್ಮ ಮಹಾಂತೇಶ ಒಂದು ಉಪಾಯ ಹೇಳಿದ. "ಮಾವಾರ, ತಲಿಗೆ ಬಣ್ಣಾ ಹಚ್ರಿ. ಅರ್ಜಿ ಒಳಗ ವಯಸ್ಸು ಬರೀಬ್ಯಾಡ್ರಿ. ಆ ಚಾಳೀಸು ಕಿಸೆದಾಗ ಇರ್ಲಿ. ಅದನ್ನ ಕಂಡ್ರ ಮುಗೀತು."

ನನಗೆ ಮೈ ಉರಿಯಿತು. ಆದರೆ ಕೇಳುವವರಾರು? ಬಟ್ಟೆ ಅಂಗಡಿಯೊಂದರ ಸಂದರ್ಶನಕ್ಕೆ ನಾನು ಕಿಸೆಯ ಕತ್ತಲೆಯಲ್ಲೇ ಹೋದೆ. ಅಲ್ಲಿನ ಮ್ಯಾನೇಜರ್ ಒಂದು ಬಿಲ್ ಕೊಟ್ಟು, ಅದನ್ನು ಕಂಪ್ಯೂಟರಿಗೆ ಏರಿಸಲು ಹೇಳಿದ. ಚನ್ನವೀರಪ್ಪನವರು ಕುರ್ಚಿ ಹಿಂದೆ ಸರಿಸಿದ ಸದ್ದು ಕೇಳಿತು. ಇನ್ನೊಮ್ಮೆ ಸರಿಸಿದರು. ಕೈ ಕಿಸೆಯ ಹತ್ತಿರ ಬಂತು, ಹಾಗೇ ವಾಪಸ್ ಹೋಯಿತು. ಏನೇನೋ ಒತ್ತಿದರು. "ಕಂಪ್ಯೂಟರ್ ಬರೂದಿಲ್ಲಂತ ಮೊದಲ ಹೇಳಬೇಕಿತ್ತಲ್ರಿ" ಎಂದ ಮ್ಯಾನೇಜರ್. ಅವರು ಕುರ್ಚಿ ಬಿಟ್ಟೆದ್ದು ಹೊರಗೆ ಬಂದರು. ನನಗೆ ಅಳು ಬಂದಂತಾಯಿತು.

ಮನೆಗೆ ಬಂದು ಎಲ್ಲವನ್ನೂ ಹೆಂಡತಿ ಸುಲೋಚನಾಗೆ ಹೇಳಿದರು. ಹಿಂದಿನವರು ಕನ್ನಡಕವನ್ನು ಸುಲೋಚನ ಎನ್ನುತ್ತಿದ್ದರಂತೆ, ಹಾಗಾಗಿ ಆಕೆ ನನಗೆ ಅಕ್ಕನ ಸಮಾನ. ಆಕೆ ಸೆರಗಿನಿಂದ ನನ್ನ ಗಾಜು ಒರೆಸುತ್ತಾ, "ಕೆಲಸ ಬರೂದಿಲ್ಲ ಅನಿಸ್ಕೊಂಡ ಬರೋಕಿಂತ ಮುದುಕ ಅನಿಸ್ಕೊಂಡ ಬರ್ರಿ. ಅದರಾಗೇನೂ ಸುಳ್ಳಿಲ್ಲ" ಎಂದಳು. ಅವರು ನಗಲಿಕ್ಕೆ ನೋಡಿದರು, ಆಗಲಿಲ್ಲ.

ಮುಂದಿನ ವಾರ ಗದಗ ರಸ್ತೆಯಲ್ಲಿ, ಒಣಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿಗೆ ಹೋದೆವು. ನಾನು ಮತ್ತೆ ಕಿಸೆಯಲ್ಲೇ. ಮಾಲೀಕರು ನೀಲಗಂಗಮ್ಮ, ಎಲ್ಲರ ಬಾಯಲ್ಲೂ "ಅಕ್ಕಾರು". ಅವರು ಅರ್ಜಿ ಕೈಗೆತ್ತಿಕೊಂಡರೇನೋ, ಕಾಗದವನ್ನು ಹತ್ತಿರ ದೂರ ಹಿಡಿದು ನೋಡುವ ಸರಪರ ಸದ್ದು ಕೇಳಿತು.

"ನನ್ನ ಚಾಳೀಸು ಮನ್ಯಾಗ ಬಿಟ್ಟ ಬಂದೇನಿ" ಎಂದರು ಕೊನೆಗೆ. "ನಿಮ್ಮ ಕಡೆ ಐತೇನ್ರಿ?"

ಚನ್ನವೀರಪ್ಪನವರ ಎದೆ ಡವಡವ ಹೊಡೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಇದೆ ಎಂದರೆ ಹಚ್ಚಿದ ಬಣ್ಣವೆಲ್ಲ ನೀರಲ್ಲಿ ಮಾಡಿದ ಹೋಮ. ಇಲ್ಲ ಎಂದರೆ ಇನ್ನೊಂದು ಸುಳ್ಳು. ಹೊರಗೆ ತೆಗೆಯಿರಿ ಮಾರಾಯರೇ ಎಂದು ನಾನು ಒಳಗೇ ಬೇಡಿಕೊಂಡೆ. ಅವರ ಕೈ ಬಂತು. ಈ ಸಲ ವಾಪಸ್ ಹೋಗಲಿಲ್ಲ.

ನೀಲಗಂಗಮ್ಮನವರು ನನ್ನನ್ನು ಏರಿಸಿಕೊಂಡು ಅರ್ಜಿಯನ್ನು ನಿಧಾನವಾಗಿ ಓದಿದರು. "ನಿಮ್ಮ ನಂಬರ, ನನ್ನ ನಂಬರ ಒಂದ ಆತಲ್ರಿ. ವಯಸ್ಸು ಬರ್ದಿಲ್ಲ?"

"ಬೇಕಂತನ ಬಿಟ್ಟೇನ್ರಿ. ಐವತ್ತೊಂದು."

"ಹೂಂ. ಇಬ್ಬರು ಹುಡುಗರನ್ನ ಇಟ್ಕೊಂಡಿದ್ದೆ. ಛಲೋ ಹುಡುಗರು, ಆದ್ರ ಸೀಜನ್ ನಡುವ ಬಿಟ್ಟ ಹೋದ್ರು. ನೀವು ಇರ್ತೀರೇನು?"

"ಇರ್ತೀನ್ರಿ."

"ಪಗಾರ ಮೊದಲಿನಷ್ಟು ಕೊಡೂದಾಗೂದಿಲ್ಲ."

"ಮಗಳ ಓದು ನಿಲ್ಲದಿದ್ರ ಸಾಕ್ರಿ."

ಅಷ್ಟೇ ಮಾತು. ಮರುದಿನವೇ ನನ್ನನ್ನು ರಾಜಾರೋಷವಾಗಿ ಹಾಕಿಕೊಂಡು ಕೆಲಸಕ್ಕೆ ಕೂತರು. ಆದರೆ ಅಕ್ಕಾರು ದಿನಾ "ಚಾಳೀಸು ಒಂದೀಟ ಕೊಡ್ರಿ" ಎನ್ನುತ್ತಿದ್ದರು. ಮನೆಯಲ್ಲಿ ಬಿಟ್ಟು ಬಂದ ಅವರ ಚಾಳೀಸನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಅದು ಇತ್ತೋ ಇಲ್ಲವೋ, ಶಿವನೇ ಬಲ್ಲ. ಚನ್ನವೀರಪ್ಪನವರ ನಂಬರ್ ಏರಿದಾಗ ಅವರು ಹೊಸದನ್ನು ಮಾಡಿಸಿಕೊಂಡು, ನನ್ನನ್ನು ಅಕ್ಕಾರಿಗೇ ಬಿಟ್ಟುಕೊಟ್ಟರು.

ವರ್ಷಗಳು ಉರುಳಿವೆ. ಮಗಳು ಈಗ ಆಸ್ಪತ್ರೆಯಲ್ಲಿ ನರ್ಸ್. ನನ್ನ ಒಂದು ಕಡ್ಡಿ ಮುರಿದು ದಾರ ಸುತ್ತಿದ್ದಾರೆ. ಮೆಣಸಿನಕಾಯಿ ಧೂಳಿನಿಂದ ಗಾಜಿಗೂ ಗೀರು ಬಿದ್ದಿದೆ. ಅಕ್ಕಾರ ಮೇಜಿನ ಡ್ರಾಯರಿನಲ್ಲಿ ನಾನು ಸುಖವಾಗಿದ್ದೇನೆ.

ಮೊನ್ನೆ ಚನ್ನವೀರಪ್ಪನವರು ಆ ಮೇಜಿನೆದುರು ಬಂದು ನಿಂತರು. "ಅಕ್ಕಾರ, ನನಗೂ ಅರವತ್ತಾತು. ನೀವ ಹೇಳೂದಕ್ಕಿಂತ ಮೊದಲ ನಾನ ಹೇಳೂದು ಛಲೋ. ಇನ್ನ ಹೊಸಬ್ರನ್ನ ನೋಡ್ರಿ." ಬಿಡುವ ಮನಸ್ಸಿಲ್ಲವೆಂದು ದನಿಯೇ ಹೇಳುತ್ತಿತ್ತು.

ಅಕ್ಕಾರು ಡ್ರಾಯರ್ ಎಳೆದು ನನ್ನನ್ನು ಹಾಕಿಕೊಂಡು ಅವರನ್ನೇ ನೋಡಿದರು. ನನ್ನೊಳಗಿಂದ ಹತ್ತಿರದ್ದಷ್ಟೇ ನಿಚ್ಚಳ. ಮೇಜಿನಾಚೆ ನಿಂತವರ ಮುಖ ಮಂಜು ಮಂಜು, ಸುಕ್ಕೂ ಕಾಣದು, ಬಿಳಿ ಕೂದಲೂ ಕಾಣದು. ಅದು ಅಕ್ಕಾರಿಗೆ ಚೆನ್ನಾಗಿ ಗೊತ್ತು. ಸ್ಪಷ್ಟವಾಗಿ ತೋರಿಸುವುದೇ ನನ್ನ ಧರ್ಮ ಎಂದು ಬಾಳಿದವನು ನಾನು. ಅವತ್ತು ಮಾತ್ರ, ಮಂಜಾಗಿ ತೋರಿಸಿದ್ದಕ್ಕೆ ನನ್ನ ಜೀವ ತಣ್ಣಗಾಯಿತು.

"ನನಗೇನೂ ವಯಸ್ಸಾದಂಗ ಕಾಣವಲ್ದು" ಎಂದರು ಅಕ್ಕಾರು. "ಕೂಡ್ರಿ, ಚಾ ತರಸ್ತೀನಿ."

ಚನ್ನವೀರಪ್ಪನವರು ಕೂತರು.