ಸಾವಕಾರರ ಕಿವಿಯಲ್ಲೇ ಉಳಿದ ಮಾತು

ಮೂತ್ರಕ್ಕೆ ಕುಳಿತ ಪುಂಡಲೀಕಪ್ಪ ಜ್ವರದಿಂದ ಏಳಲಾರದೆ ಕೊಟ್ಟಿಗೆಯ ಗೋಡೆ ಹಿಡಿದನು. ನೆಲದ ಮೇಲೆ ಕರಿ ಚಹದ ಬಣ್ಣ ಹರಿದಿತ್ತು. ಹೆಂಡತಿ ಕಳಕವ್ವ ಅದನ್ನು ಕಂಡು, ಉಷ್ಣವಾಗಿದೆಯೆಂದು ಬಗೆದು, ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿಸಿದಳು. ಜ್ವರ ಇಳಿಯಲಿಲ್ಲ.

ಅಂತೂರ ಬೆಂತೂರಿನ ಚನ್ನಬಸವಣ್ಣ ಸಾವಕಾರರ ದನಗಳ ಮೈಯಿಂದ ಉಣ್ಣಿಗಳನ್ನು ಬೆರಳಲ್ಲಿ ಕಿತ್ತು ತೆಗೆಯುವುದು ಪುಂಡಲೀಕಪ್ಪನ ಕಾಯಕ. ಹಿಂದೊಮ್ಮೆ ಅವರ ಟ್ರ್ಯಾಕ್ಟರ್ ಮಗುಚಿ ಅವನ ಹೊಟ್ಟೆಗೆ ಪೆಟ್ಟಾದಾಗ ಗದಗಿನಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಆಗ ವೈದ್ಯರೊಡನೆ ಮಾತಾಡಿದವರು ಸಾವಕಾರರು. ಕಳಕವ್ವ ಹೊರಗೆ ಕೈಮುಗಿದು ಕುಳಿತಿದ್ದಳು. ಆಮೇಲೆ, ಭಾರ ಎತ್ತಲಾರನೆಂದು ಅವನನ್ನು ಕೊಟ್ಟಿಗೆಗೆ ಹಾಕಿದರು. ಒಡೆಯ ಕೊಟ್ಟದ್ದೇ ಪ್ರಸಾದವೆಂದು ತಲೆಬಾಗಿದ ದಂಪತಿಗೆ ಅದೂ ದಯೆಯಾಗಿಯೇ ಕಂಡಿತ್ತು.

"ಯಪ್ಪಾ, ಗದಗಿಗೆ ಹೋಗಾಕ ಜೀಪ ಕೊಡ್ರಿ," ಎಂದು ಕಳಕವ್ವ ಸಾವಕಾರರ ಮುಂದೆ ಬೇಡಿದಳು.

"ಜ್ವರಾ ಬರಲಾರದ ಮನಷ್ಯಾ ಯಾರದಾನ ಕಳಕವ್ವಾ?"

"ಮೊನ್ನೆ ಕೆಂದಾಕಳ ಹಿಂಗ ಕೆಂಪಗ ಉಚ್ಚಿ ಹೊಯ್ದಾಗ ಜೀಪ ಕಳಿಸಿ ದನದ ಡಾಕ್ಟರ್‌ನ ತರಿಸಿದ್ರೆಲ್ರಿ."

"ಆಕಳಿಗಿ ಬಾಯಿಲ್ಲವ್ವ. ನಿನ್ನ ಗಂಡಗ ಐತಿ, ಅದಕ್ಕ ನಾಟಕಾ ಮಾಡತಾನ."

ಪುಂಡಲೀಕಪ್ಪನ ಕಣ್ಣು ಅರಿಶಿನದಂತಾದ ಮೇಲೆ ಓಣಿಯ ದಾದಾಪೀರ ತನ್ನ ಆಟೋದಲ್ಲಿ ಅವನನ್ನು ಗದಗಿಗೆ ಒಯ್ದನು. ಹೊಟ್ಟೆಯ ಕಲೆ ನೋಡಿದ ವೈದ್ಯೆ ಬೆರಳಿಟ್ಟಲ್ಲೇ ನಿಂತರು.

"ಇದು ನಾನ ಹಾಕಿದ ಹೊಲಿಗಿ. ಒಡದ ಗುಲ್ಮ ತಗದಿದ್ದೆ. ಸಣ್ಣ ಜ್ವರಾ ಬಂದ್ರೂ ಅವತ್ತ ಕರಕೊಂಡ ಬರ್ರಿ ಅಂತ ನಿಮ್ಮ ಸಾವಕಾರರಿಗೆ ಒತ್ತಿ ಹೇಳಿದ್ದೆ. ಅವರು ಹೇಳಲಿಲ್ಲೇನು?"

"ಗುಲ್ಮ ಅಂದ್ರೇನ್ರಿ?" ಎಂದಳು ಕಳಕವ್ವ.

ವೈದ್ಯೆ ಅವಳನ್ನು ಬೆಂಚಿನ ಮೇಲೆ ಕೂರಿಸಿದರು.

"ರಕ್ತಾ ಸೋಸಿ ಕಾಯೂ ಅಂಗವ್ವಾ. ಅದಿಲ್ಲದವರಿಗೆ ಉಣ್ಣಿ ಕಡಿದು ಅದರಾಗಿನ ಕಣ್ಣಿಗೆ ಕಾಣದ ಜೀವಿ ರಕ್ತಕ್ಕ ಹೊಕ್ಕರ ತಡಿಯವರಿಲ್ಲ. ರಕ್ತ ಒಡದು ಮೂತ್ರಪಿಂಡ ನಿಂತಾವ, ಯಕೃತ್ತೂ ಸೋತೈತಿ. ಔಷಧಕ್ಕ ಜೀವಿ ಸಾಯತೈತಿ. ಕೆಟ್ಟ ಅಂಗ ಏಳೂದು ಕಷ್ಟೈತಿ."

ಬಾತ ಮುಖದ ಪುಂಡಲೀಕಪ್ಪ ಕಣ್ಣು ತೆರೆದನು. "ದನದ ಮನಿ ಬಳದ ಬಂದಿಯೇನ? ಸಾವಕಾರ್ರು ಬೈತಾರ."

"ಬಳದ ಬಂದೇನಿ, ಮಲಕೋ," ಎಂದು ಅವಳು ಸುಳ್ಳು ಹೇಳಿದಳು. ಮರುದಿನ ಮಧ್ಯಾಹ್ನ ಅವನ ಉಸಿರು ನಿಂತಿತು.

ಹೂಮಾಲೆ ಹಿಡಿದು ಸಾವಕಾರರು ಕಳಕವ್ವನ ಮನೆಯಂಗಳಕ್ಕೆ ಬಂದರು. "ದೈವದ ಇಚ್ಛಾ. ಯಾರ ಏನ ಮಾಡಾಕ ಬರತೈತಿ?"

ಕಳಕವ್ವ ಹೆಣದ ಪಕ್ಕದಿಂದ ತಲೆಯೆತ್ತಿದಳು.

"ದೈವದ ಮ್ಯಾಲ ಹಾಕಬ್ಯಾಡ್ರಿ. ದೈವ ಡಾಕ್ಟರ್ ಬಾಯಿಲೆ ಹೇಳಿಸಿತ್ತು, ನಿಮ್ಮ ಕಿವ್ಯಾಗ ಹೇಳಿಸಿತ್ತು. ಆ ಮಾತ ಈಗ ಇವರೆಲ್ಲಾರ ಮುಂದ ಹೇಳ್ರಿ. ಹೇಳೂತನಕಾ ನನ್ನ ಗಂಡನ್ನ ಎತ್ತಗೊಡೂದಿಲ್ಲ."

"ಹೆಣದ ಮುಂದ ಇದೇನ ಹಟ? ಹೊತ್ತಾತು, ಎತ್ರಲೇ."

ಅವರ ಹೊಲದಲ್ಲೇ ದುಡಿಯುವ ಫಕೀರೇಶ ಚಟ್ಟಕ್ಕೆ ಬಾಗಿದ್ದನು. ಕೈಯಲ್ಲಿದ್ದ ಬಿದಿರನ್ನು ಮೆಲ್ಲನೆ ಕೆಳಗಿಟ್ಟು ಅಲ್ಲೇ ಕುಳಿತನು. "ನಮಗೂ ಕೇಳೂದೈತ್ರಿ ಸಾವಕಾರ್ರ."

ಅವನ ಪಕ್ಕದಲ್ಲಿ ದಾದಾಪೀರ ಕುಳಿತನು. ಅಳುತ್ತಿದ್ದ ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತರು. ಬೀದಿಯಲ್ಲಿದ್ದವರೂ ಒಳಬಂದು ಕುಳಿತರು. ಆ ಅಂಗಳದಲ್ಲಿ ನಿಂತಿದ್ದವರು ಸಾವಕಾರರೊಬ್ಬರೇ.