ಅತ್ತೆಯ ಬೆನ್ನಿಗೆ ತಾಳ

ಟೈಲರ್‌ಗೆ ಕಾರಿನಲ್ಲಿ ಹಾಡು ಕೇಳುವುದೆಂದರೆ ಪ್ರಾಣ. ಅವನ ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಆದರೆ ಡಿಕ್ಕಿಯಲ್ಲಿದ್ದ ದೊಡ್ಡ ಸ್ಪೀಕರ್, ಸಬ್‌ವೂಫರ್, ಗುಡುಗಿದರೆ ಹಿಂದಿನ ಸೀಟಿನಲ್ಲಿ ಕೂತ ಅವರ ಬೆನ್ನಿಗೆ ತಾಳ ತಿಳಿಯುತ್ತಿತ್ತು. ಅವರನ್ನು ಮೆಚ್ಚಿಸಲೆಂದು ಅವನು ಆಂಪ್ಲಿಫೈಯರ್‌ನ ಗೇನ್ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಎರಡನೇ ಹಾಡಿಗೇ ಸುಟ್ಟ ವಾಸನೆ ಬಂತು.

"ಯಾರ ಮನೇಲೋ ಹಾಲು ಸೀದಿದೆ" ಎಂದ.

"ಹೆದ್ದಾರೀಲಿ ಯಾರ ಮನೇರೀ?" ಎಂದಳು ಹೆಂಡತಿ. ಅವಳು ಸಂಗೀತದ ಟೀಚರ್, ವೇದಿಕೆಯ ಮೈಕು, ಆಂಪ್ಲಿಫೈಯರ್‌ಗಳ ಜೊತೆ ಏಗಿದವಳು.

ವೂಫರ್ ಸುಟ್ಟುಹೋಗಿತ್ತು. ಹೊಸದನ್ನು ತಂದ ದಿನ ಅವನ ಕೈ ಮತ್ತೆ ಅದೇ ತಿರುಪಿನ ಕಡೆ ಹೋದಾಗ ಹೆಂಡತಿ ತಡೆದಳು.

"ಅದು ವಾಲ್ಯೂಮ್ ಅಲ್ಲ ಕಣ್ರೀ. ಸ್ಟೀರಿಯೋಗೆ ತಕ್ಕ ಹಾಗೆ ಆಂಪ್ಲಿಫೈಯರನ್ನ ಹೊಂದಿಸೋದಕ್ಕಿರೋದು. ಜಾಸ್ತಿಯಾದ್ರೆ ಸದ್ದು ಒಡೆಯುತ್ತೆ, ವೂಫರ್ ಸುಡುತ್ತೆ."

ಗೇನನ್ನು ಪೂರ್ತಿ ಇಳಿಸಿ, ಸ್ಟೀರಿಯೋ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಹಾಡು ಹಾಕಿ ಅವಳು ಕಣ್ಣು ಮುಚ್ಚಿ ಕೂತಳು. ಅವನು ಗೇನನ್ನು ನಿಧಾನವಾಗಿ ಏರಿಸಿದ.

"ಒಡೀತು! ಸ್ವಲ್ಪ ಇಳಿಸಿ."

"ನಂಗೇನೂ ಕೇಳಿಸಲಿಲ್ವಲ್ಲ?"

"ನಾನು ಹೇಳೋದೇ ಕೇಳಿಸಲ್ಲ, ಇನ್ನು ಇದು ಕೇಳಿಸುತ್ತಾ?"

ಅವನು ಇಳಿಸಿದ. ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ಅಳುಕುತ್ತಲೇ ಅವರನ್ನು ಹಿಂದೆ ಕೂರಿಸಿ ಹಾಡು ಹಾಕಿದ. ಅತ್ತೆ ಸೀಟಿಗೆ ಬೆನ್ನು ಒರಗಿಸಿ ಕೂತರು. ಆಮೇಲೆ ತೊಡೆಯ ಮೇಲೆ ತಪ್ಪಿಲ್ಲದೆ ತಾಳ ಹಾಕತೊಡಗಿದರು.

"ಮೊದಲು ಹಿಟ್ಟಿನ ಗಿರಣಿ ಮೇಲೆ ಕೂತ ಹಾಗಿತ್ತು ಅಳಿಯಂದ್ರೇ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. "ಪಾಪ, ನನಗೋಸ್ಕರ ಹಾಕ್ಸಿದೀರಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ."